ಕಾಣೆಯಾದ ಕೋಣ

ಅಕ್ಕ ಬರೆದ ಮಕ್ಕಳ ಪದ್ಯಗಳು ಅಂದು ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. ಒಂದೊಂದು ಪದ್ಯವೂ ಒಂದೊಂದು ಫೈಲು. ಅವನ್ನೆಲ್ಲ ಸಾಲಾಗಿ ಜೋಡಿಸಿ ಪುಸ್ತಕ ಮಾಡುವ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಮನ್ನು ತಮ್ಮ ಅವಳು ಪದ್ಯ ಬರೆಯುವ ಎಡಿಟರ್ ತಂತ್ರಾಂಶಕ್ಕೆಂದೇ ಬರೆದುಕೊಟ್ಟಿದ್ದ. ಅವನ ಕಂಪ್ಯೂಟರಿನಲ್ಲಿ ಅದು ನೀರು ಕುಡಿದಷ್ಟು ಸಲೀಸು. ಬೇರೆ ಆಪರೇಟಿಂಗ್ ಸಿಸ್ಟಮ್ ಇದ್ದ ಅಕ್ಕನ ಕಂಪ್ಯೂಟರಿನಲ್ಲಿ ಅಳಿಲಿನ ಪದ್ಯ ಬಂತು, ಬೆಕ್ಕಿನದು ಬಂತು, 'ಕೋಣ' ಎಂಬ ಫೈಲು ಮಾತ್ರ ಇಲ್ಲವೇ ಇಲ್ಲವೆಂದು ಪ್ಲಗಿನ್ನು ಹಟ ಹಿಡಿಯಿತು.

"ಅಷ್ಟು ದೊಡ್ಡ ಕೋಣ ಕಣ್ಣೆದುರಿಗೇ ನಿಂತಿದೆಯಲ್ಲೋ!" ಎಂದಳು ಅಕ್ಕ.

"ಇದಕ್ಕೆ ಹೇಳೋದೂ ಕೋಣನ ಮುಂದೆ ಕಿನ್ನರಿ ಬಾರ್ಸೋದೂ ಒಂದೇ ಕಣಕ್ಕಾ."

ಕೊನೆಗೆ ಅವನು ಆ ಫೈಲಿನ ಹೆಸರನ್ನು ತೆರೆಯ ಮೇಲೆ ತುಣುಕು ತುಣುಕಾಗಿ ಬಿಡಿಸಿ ನೋಡಿದ. ಪ್ಲಗಿನ್ನಿಗೆಂದು ಅವನು ಟೈಪು ಮಾಡಿದ್ದ ಫೈಲುಗಳ ಪಟ್ಟಿಯಲ್ಲಿ ಮೂರೇ ತುಣುಕು: ಕ, ಓತ್ವದ ದೀರ್ಘ, ಣ. ಅಕ್ಕನ ಕಂಪ್ಯೂಟರು ಬರೆದುಕೊಂಡಿದ್ದರಲ್ಲಿ ಐದು. ಅಕ್ಕ ಬಗ್ಗಿ, ಬೆರಳಿಟ್ಟು ಓದಿದಳು: "ಕ... ಏತ್ವ, ಕೊಂಬಿನಿಳಿ, ದೀರ್ಘ... ಣ." ಓದುತ್ತಾ ಅವಳ ದನಿ ಸಣ್ಣಗಾಯಿತು. "ಲೋ, ಇದು ಕಾಗುಣಿತ ಕಣೋ! ಅಮ್ಮ ಕೈ ಹಿಡಿದು 'ಕೋ' ತಿದ್ದಿಸಿದ್ದು ಹೀಗೇನೇ, ಒಂದೊಂದೇ ಗೆರೆ."

ಹೊರನೋಟಕ್ಕೆ ಎರಡೂ ಒಂದೇ ಕೋಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ; ಒಳಗಿನ ತುಣುಕುಗಳನ್ನು ಹೋಲಿಸುವ ಪ್ಲಗಿನ್ನಿಗೆ ಮಾತ್ರ ಬೇರೆ ಬೇರೆ. ತಮ್ಮ ಬೆರಗಾಗಿ ಕೂತ. ಕನ್ನಡದ ಗಾಳಿಯೂ ಸೋಕಿಲ್ಲವೆಂದು ಅವನು ತಿಳಿದಿದ್ದ ಆ ತಗಡಿನ ಪೆಟ್ಟಿಗೆಯೊಳಗೆ ಯಾವುದೋ ಕಾಣದ ಕೈ 'ಕೋ' ತಿದ್ದುತ್ತಿತ್ತು.

ಎರಡು ಬಗೆಯ ಬರಹವನ್ನೂ ಒಂದೇ ಎಂದು ಓದುವಂತೆ ಅವನು ಪ್ಲಗಿನ್ನಿಗೆ ಒಂದು ಸಾಲು ಸೇರಿಸಿದ. ಕೋಣ ಬಂತು, ಪುಸ್ತಕ ಅಚ್ಚಿಗೆ ಹೋಯಿತು. ಅಕ್ಕ ಮಾತ್ರ ಆ ಐದು ತುಣುಕುಗಳ ಮೇಲಿಂದ ಬೆರಳು ತೆಗೆದಿರಲಿಲ್ಲ.