ಚಿಲಕ ಯಾವ ಕಡೆಗಿದೆ

ಗುಂಡಿಯಮ್ಮನಿಗೆ ಭೂತಗಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಇದ್ದರೆ ಇರಲಿ, ಅವುಗಳ ಪಾಡಿಗೆ ಅವು, ನನ್ನ ಪಾಡಿಗೆ ನಾನು ಎನ್ನುವವಳು. ಹಳೇ ಪೇಟೆಯ ಇಕ್ಕಟ್ಟು ಓಣಿಯಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿ ಇಟ್ಟುಕೊಂಡೇ ತಲೆ ನರೆಸಿಕೊಂಡವಳು. ಅವಳ ನಿಜವಾದ ಹೆಸರು ಅವಳ ಮಗನಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ. ಕೋಟಿನ ಮೇಲೆ ಉಳಿದ ಒಂದೇ ಗುಂಡಿ ತೋರಿಸಿದರೆ ಸಾಕು, ಯಾವುದೋ ಡಬ್ಬಿಯ ತಳದಿಂದ ಅದರ ಜೊತೆಯದನ್ನು ಹೆಕ್ಕಿ ಕೊಡುತ್ತಿದ್ದಳು. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲೇ.

ಆ ವರ್ಷ ಪೇಟೆಯ ಗೋಡೆಗಳ ಮೇಲೆ ಕಪ್ಪು ಬಿಳುಪು ಚೌಕದ ಚೀಟಿಗಳು ಕಾಣಿಸಿಕೊಂಡವು. ಚೀಟಿಯ ಮುಂದೆ ಮೊಬೈಲ್ ಹಿಡಿದರೆ ಕಿವಿಯಲ್ಲಿ ಕಥೆ ಶುರು. ‘ಭೂತಗಳ ಬೀದಿ: ನೀವೇ ನಡೆಯಿರಿ, ನೀವೇ ಹೆದರಿ’ ಎಂದು ಅದಕ್ಕೊಂದು ಹೆಸರು. ಜೊತೆಗೆ ಗೈಡ್ ಬೇಕಿಲ್ಲ, ನಕ್ಷೆ ನೋಡಿಕೊಂಡು ಹೋಗುತ್ತಿದ್ದರಾಯಿತು. ಸಂಜೆಯಾದರೆ ಪ್ರವಾಸಿಗಳು ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಡವರ ಕಿಟಕಿಗಳನ್ನು ಬಾಯಿ ಬಿಟ್ಟು ನೋಡುತ್ತ, ತಾವೇ ಭೂತಗಳ ಹಾಗೆ ತುಟಿ ಪಿಟಕ್ಕೆನ್ನದೆ ಓಡಾಡುತ್ತಿದ್ದರು. ಪಕ್ಕದ ಬೀಗ ರಿಪೇರಿಯವನ ಮಹಡಿಯಲ್ಲಿ ತಲೆಯಿಲ್ಲದ ಸಿಪಾಯಿ ಇದ್ದಾನಂತೆ ಎಂದು ತಿಳಿದಾಗ, ಬಾಡಿಗೆ ಸರಿಯಾಗಿ ಕೊಡುತ್ತಾನೋ ಇಲ್ಲವೋ ಕೇಳಿ ನೋಡು ಎಂದು ರಿಪೇರಿಯವನಿಗೆ ಹೇಳಿ ಗುಂಡಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಥೆಗಳನ್ನು ಹೇಳುವ ದನಿ ಅವಳ ಸೊಸೆಯದೇ. ಓಣಿಯ ಕೊನೆಗೆ ಹಿಂದೆ ಹೊಲಿಗೆ ಕಾರ್ಖಾನೆಯಾಗಿದ್ದ ಕಟ್ಟಡ ಈಗ ದೊಡ್ಡ ಹೋಟೆಲ್. ಸೊಸೆಗೆ ಅಲ್ಲಿ ಬಂದವರನ್ನು ಸ್ವಾಗತಿಸುವ ಕೆಲಸ. ಭೂತಗಳ ಬೀದಿಯನ್ನು ಹುಟ್ಟುಹಾಕಿದ್ದೂ ಆ ಹೋಟೆಲಿನವರೇ. ನಿನ್ನ ದನಿ ಚೆನ್ನಾಗಿದೆ, ನೀನೇ ಓದು ಎಂದು ಮ್ಯಾನೇಜರ್ ಕಾಗದ ಕೊಟ್ಟು ಕೂರಿಸಿದ್ದ. ಅತ್ತೆ, ನೀವೂ ಒಂದು ಸಲ ಕೇಳಿ ಬನ್ನಿ ಎಂದು ಸೊಸೆ ದಿನಾ ಪೀಡಿಸಿ, ಕೊನೆಗೊಂದು ಸಂಜೆ ತನ್ನ ಮೊಬೈಲನ್ನೇ ಕೈಗಿಟ್ಟು ಕಳಿಸಿದಳು. ಗುಂಡಿಯಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದು, ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎದುರಾದವರಿಗೆಲ್ಲ, ನಮ್ಮ ಸೊಸೆಯ ದನಿ ಎಂದು ಹೇಳಿಕೊಂಡೇ ನಡೆದಳು.

ಕೊನೆಯ ಚೀಟಿ ಇದ್ದದ್ದು ಹೋಟೆಲಿನ ಪಕ್ಕದ ಸಂದಿಯಲ್ಲಿ, ಕಾರ್ಖಾನೆಯ ಕಾಲದ ಮರದ ಬಾಗಿಲಿನ ಬಳಿ. ಆ ಬಾಗಿಲು ತೆರೆದರೆ ನೇರ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು. ನೋಡಲು ಚೆನ್ನಾಗಿರುತ್ತದೆಂದು ಅದನ್ನು ಚಿಲಕ ಸಮೇತ ಹಾಗೇ ಉಳಿಸಿಕೊಂಡು, ಎಣ್ಣೆ ಸವರಿ ಮಿರಮಿರ ಹೊಳೆಯುವಂತೆ ಮಾಡಿದ್ದರು. ಗುಂಡಿಯಮ್ಮ ಈ ಸಂದಿಗೆ ಕಾಲಿಡದೆ ಎಷ್ಟೋ ವರ್ಷಗಳಾಗಿದ್ದವು. ಇಯರ್‌ಫೋನಿನಲ್ಲಿ ಸೊಸೆಯ ದನಿ ಮೆಲ್ಲಗೆ ಶುರುವಾಯಿತು.

"ಮೇಲಿನ ಕಿಟಕಿ ನೋಡಿ. ಪ್ರೀತಿಸಿದವನು ಕೈಕೊಟ್ಟನೆಂದು ಹೊಲಿಗೆಯ ಹುಡುಗಿಯೊಬ್ಬಳು ಬಟ್ಟೆಯ ರಾಶಿಗೆ ಬೆಂಕಿ ಇಟ್ಟು ಅಲ್ಲಿಂದ ಹಾರಿದಳು. ಈಗ ಬಾಗಿಲಿಗೆ ಕಿವಿ ಕೊಡಿ. ಅವಳು ಇನ್ನೂ ಬಡಿಯುತ್ತಿದ್ದಾಳೆ."

ಆಮೇಲೆ ದಬದಬ ಸದ್ದು. ಅದರ ಹಿಂದೆಯೇ ಒಂದು ಅಳು. ಆ ಅಳುವೂ ಸೊಸೆಯದೇ.

ಗುಂಡಿಯಮ್ಮನ ಮೈಯೆಲ್ಲ ಹೊತ್ತಿ ಉರಿಯಿತು. ಆ ಕಿಟಕಿಯಿಂದ ಹಾರಿದ್ದವಳು ಒಬ್ಬಳೇ, ಅವಳ ಅಕ್ಕ. ಪ್ರೀತಿಯಂತೆ, ಕೈಕೊಟ್ಟನಂತೆ! ಬೆಳಗಿನಿಂದ ಸಂಜೆಯವರೆಗೆ ಅಂಗಿಗಳಿಗೆ ತೋಳು ಜೋಡಿಸುವುದು ಬಿಟ್ಟರೆ ಅಕ್ಕನಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಬೆಂಕಿ ಹತ್ತಿದ್ದು ಇಸ್ತ್ರಿ ಮೇಜಿನ ಹಳೇ ವೈರಿನಿಂದ. ಹೊಲಿದ ಬಟ್ಟೆಯನ್ನು ಹುಡುಗಿಯರು ಕದ್ದು ಒಯ್ಯುತ್ತಾರೆಂದು ಕೆಲಸ ಶುರುವಾದ ಕೂಡಲೇ ಮೇಸ್ತ್ರಿ ಈ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದು ಬೀಗ ಹಾಕುತ್ತಿದ್ದ. ಹೊರಗೆ ಹೋಗಬೇಕಾದವರು ಒಳಗಿನಿಂದ ಬಡಿಯಬೇಕು, ಅವನಿಗೆ ಮನಸ್ಸು ಬಂದಾಗ ತೆಗೆಯುತ್ತಾನೆ. ಆ ದಿನ ಅವನು ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಹಾ ಕುಡಿಯಲು ಹೋಗಿದ್ದ. ಅಕ್ಕನಿಗೆ ಊಟದ ಡಬ್ಬಿ ತಂದ ಗುಂಡಿಯಮ್ಮ, ಆಗಿನ್ನೂ ಲಂಗ ತೊಡುವ ವಯಸ್ಸಿನವಳು, ಡಬ್ಬಿ ಎಸೆದು ಈ ಬಾಗಿಲಿನ ಬೀಗಕ್ಕೆ ಜೋತುಬಿದ್ದಿದ್ದಳು. ಒಳಗಿನಿಂದ ಬಡಿಯುತ್ತಿದ್ದರು. ಹೊರಗಿನಿಂದ ಇವಳು ಎಳೆಯುತ್ತಿದ್ದಳು. ಜನ ಏಣಿ ತಂದು ಉಳಿದವರನ್ನು ಇಳಿಸುವಷ್ಟರಲ್ಲಿ ಅಕ್ಕ ಹಾರಿಯಾಗಿತ್ತು.

ಮನೆಗೆ ಬಂದವಳೇ ಸೊಸೆಯ ಮೇಲೆ ಹರಿಹಾಯ್ದಳು. ಸೊಸೆಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಅಕ್ಕ ಬೆಂಕಿಯಲ್ಲಿ ಹೋದಳು ಎಂದಷ್ಟೇ ಅತ್ತೆ ಯಾವಾಗಲೋ ಹೇಳಿದ್ದರು, ಅಡುಗೆಮನೆಯ ಬೆಂಕಿ ಇರಬೇಕೆಂದು ಅವಳು ತಿಳಿದಿದ್ದಳು. ಎಲ್ಲ ಕೇಳಿದ ಮೇಲೆ ಅವಳ ಮುಖ ಬಿಳಿಚಿಹೋಯಿತು.

"ಬರೆದುಕೊಟ್ಟಿದ್ದನ್ನ ಓದಿದೆ ಅತ್ತೆ. ನಮ್ಮವರು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ನಮ್ಮವಳಲ್ಲದಿದ್ರೆ ಓದಬಹುದಿತ್ತಾ?" ಎಂದಳು ಗುಂಡಿಯಮ್ಮ.

ಆ ರಾತ್ರಿ ಅತ್ತೆ ಸೊಸೆ ಇಬ್ಬರೂ ಊಟ ಮಾಡಲಿಲ್ಲ. ಮಗ ಪಾಪ ನಡುವೆ ಸಿಕ್ಕಿಕೊಂಡು ಒಬ್ಬನೇ ಉಂಡು ಎದ್ದ.

ಮಾರನೆಯ ದಿನ ಗುಂಡಿಯಮ್ಮ ಹೋಟೆಲಿಗೆ ಹೋಗಿ ಮ್ಯಾನೇಜರನ ಎದುರಿಗೆ ಕೂತಳು. ಆ ಮನುಷ್ಯ ಗದರಲಿಲ್ಲ, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಎಲ್ಲವನ್ನೂ ತಲೆದೂಗುತ್ತ ಕೇಳಿದ. ಚಹಾ ತರಿಸಿದ. ಅದು ಬರೀ ಮನರಂಜನೆ ಅಮ್ಮ, ಯಾರೂ ನಿಜವೆಂದು ನಂಬುವುದಿಲ್ಲ ಎಂದ. ಬೀಗದ ವಿಷಯವೆಲ್ಲ ಸೇರಿಸಿದರೆ ಇಲ್ಲಿ ಉಳಿದುಕೊಳ್ಳಲು ಬಂದವರ ಮನಸ್ಸು ಕೆಡುತ್ತದೆ ಎಂದ. ಆಮೇಲೆ ಏನೋ ಹೊಳೆದವನಂತೆ ಮುಂದಕ್ಕೆ ಬಾಗಿದ.

"ನಿಮ್ಮ ಅಕ್ಕನ ಫೋಟೋ ಏನಾದ್ರೂ ಇದೆಯಾ? ಬಾಗಿಲ ಪಕ್ಕ ಹಾಕಿದ್ರೆ ಇನ್ನೂ ಚೆನ್ನಾಗಿ ಹೆದರ್ತಾರೆ."

ಗುಂಡಿಯಮ್ಮ ಎದ್ದು ಬಂದುಬಿಟ್ಟಳು. ಮನರಂಜನೆಯಂತೆ! ಸತ್ತವಳು ಬಾಯಿ ಬಿಡುವುದಿಲ್ಲ ಎಂಬ ಧೈರ್ಯಕ್ಕೆ ಬೆಂಕಿಯನ್ನೂ ಅವಳ ತಲೆಗೇ ಕಟ್ಟಿದ್ದಾರೆ. ಬೀಗ ಹಾಕಿದವನು ಕಥೆಯಲ್ಲಿ ಎಲ್ಲೂ ಇಲ್ಲ. ಅವನಿಗೆ ಹಾಗೆ ಹೇಳಿಕೊಟ್ಟ ಯಜಮಾನನೂ ಇಲ್ಲ. ನಾನು ಕಣ್ಣು ಮುಚ್ಚಿದರೆ ಅಕ್ಕನ ಹೆಸರಿಗೆ ಉಳಿಯುವುದು ಇದೊಂದೇ ಕಥೆ.

ಆ ಸಂಜೆ ಅವಳು ಹೋಗಿ ಮರದ ಬಾಗಿಲಿನ ಪಕ್ಕದಲ್ಲಿ ನಿಂತಳು. ಪ್ರವಾಸಿಗಳ ಗುಂಪು ಬಂತು. ಒಬ್ಬೊಬ್ಬರೂ ಮೇಲಿನ ಕಿಟಕಿ ನೋಡಿದರು, ಬಾಗಿಲಿಗೆ ಕಿವಿ ಹಚ್ಚಿದರು, ಬೆಚ್ಚಿದಂತೆ ಹಿಂದೆ ಸರಿದು ನಕ್ಕರು.

"ಚಿಲಕ ಯಾವ ಕಡೆಗಿದೆ ನೋಡಿ," ಎಂದಳು ಗುಂಡಿಯಮ್ಮ. "ಹಾರಿದವಳು ನನ್ನಕ್ಕ. ಹೊರಗಿನಿಂದ ಬೀಗ ಹಾಕಿದ್ರು."

ಅವರು ಅವಳ ನರೆತ ಕೂದಲನ್ನೂ ಚಿಲಕದತ್ತ ಚಾಚಿದ ಕೈಯನ್ನೂ ನೋಡಿದರು. ಒಬ್ಬ ಚಪ್ಪಾಳೆ ತಟ್ಟಿದ. ಎಷ್ಟು ಚೆನ್ನಾಗಿ ಅಭಿನಯಿಸುತ್ತಾರೆ ಎಂದು ಅವನ ಹೆಂಡತಿ ಮೆಚ್ಚಿಕೊಂಡಳು. ಇನ್ನೊಬ್ಬ ಪಕ್ಕಕ್ಕೆ ಬಂದು ನಿಂತು ಸೆಲ್ಫಿ ತೆಗೆದುಕೊಂಡ. ಗುಂಡಿಯಮ್ಮ ಮತ್ತೆ ಹೇಳಿದಳು. ಅವರು ಮತ್ತೆ ಚಪ್ಪಾಳೆ ತಟ್ಟಿದರು. ಅಂಗಡಿಗೆ ಬಂದ ಎಂಥೆಂಥ ಜಗಳಗಂಟರ ಬಾಯನ್ನೋ ಮುಚ್ಚಿಸಿದವಳಿಗೆ ಈಗ ಕಣ್ಣಲ್ಲಿ ನೀರು ತುಂಬಿತು. ಅದನ್ನೂ ಒಬ್ಬರು ವಿಡಿಯೋ ಮಾಡಿಕೊಂಡರು.

ಸೊಸೆ ಕೆಲಸ ಮುಗಿಸಿ ಹೋಟೆಲಿನ ಕೋಟಿನಲ್ಲೇ ಸಂದಿಯ ಬಾಯಿಗೆ ಬಂದಿದ್ದಳು. ಅತ್ತೆಯ ಮುಖ ನೋಡಿದಳು. ವಿಡಿಯೋ ಹಿಡಿದವನನ್ನೂ ನೋಡಿದಳು. ಒಂದು ಗಳಿಗೆ ಅಲ್ಲೇ ನಿಂತಿದ್ದು, ಆಮೇಲೆ ಸರಸರನೆ ಬಂದು ಅತ್ತೆಯ ತೋಳು ಹಿಡಿದುಕೊಂಡಳು. ಕರೆದುಕೊಂಡು ಹೋಗಲು ಬಂದಳೆಂದು ಗುಂಡಿಯಮ್ಮ ತೋಳು ಕೊಸರಿದಳು. ಸೊಸೆ ಬಿಡಲಿಲ್ಲ.

"ಮೇಲಿನ ಕಿಟಕಿ ನೋಡಿ," ಎಂದಳು ಸೊಸೆ.

ಅದೇ ದನಿ. ಅದೇ ಏರಿಳಿತ. ಕಿವಿಯೊಳಗೆ ಮಾತಾಡುತ್ತಿದ್ದವಳು ಎದುರಿಗೆ ಬಂದು ನಿಂತಿದ್ದಳು. ವಿಡಿಯೋದವನ ಕೈ ಕೆಳಗಿಳಿಯಿತು. ಒಬ್ಬೊಬ್ಬರಾಗಿ ಇಯರ್‌ಫೋನ್ ತೆಗೆದರು.

"ನಿಮ್ಮ ಕಿವೀಲಿ ಅಳ್ತಿರೋಳು ನಾನೇ. ಓದಿದ್ದೂ ನಾನೇ. ಅದು ಸುಳ್ಳು. ಆ ಹುಡುಗಿ ಬೆಂಕಿ ಇಡಲಿಲ್ಲ. ಅವಳನ್ನ ಒಳಗೆ ಹಾಕಿ ಬೀಗ ಜಡಿದಿದ್ರು. ಇವರು ಅವಳ ತಂಗಿ, ನಮ್ಮತ್ತೆ. ಆವತ್ತು ಇಲ್ಲೇ ನಿಂತು ಈ ಬಾಗಿಲಿನ ಬೀಗ ಎಳೆದವರು. ಬಾಗಿಲಿಗೆ ಕಿವಿ ಕೊಡಬೇಡಿ. ಚಿಲಕ ಯಾವ ಕಡೆಗಿದೆ ನೋಡಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾತು ಒಳಗೆ ಮುಟ್ಟಿರಬೇಕು, ಮ್ಯಾನೇಜರ್ ಏದುಸಿರು ಬಿಡುತ್ತ ಓಡಿಬಂದ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಹಲ್ಲು ಕಚ್ಚಿ ಸೊಸೆಗೆ ಹೇಳಿದ. ಸರಿ ಸರ್ ಎಂದಳು ಅವಳು, ಅತ್ತೆಯ ತೋಳು ಬಿಡದೆ. ಆಮೇಲೆ ಅವನು ಪ್ರವಾಸಿಗಳ ಕಡೆ ತಿರುಗಿ ಹಲ್ಲು ಕಿರಿದು, ಏನೂ ತೋಚದೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಚಿಲಕ ಅವನ ಕೋಟಿನ ಹಿಂದೆ ಮರೆಯಾಯಿತು.

ಮೊದಲು ಚಪ್ಪಾಳೆ ತಟ್ಟಿದ್ದ ಮನುಷ್ಯ ಇಯರ್‌ಫೋನನ್ನು ಜೇಬಿಗೆ ಹಾಕಿಕೊಂಡು ಮುಂದೆ ಬಂದ.

"ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದ. "ನಾವು ನೋಡಬೇಕು."

ಮ್ಯಾನೇಜರ್ ಕದಲಲಿಲ್ಲ. ಪ್ರವಾಸಿಗಳೂ ಕದಲಲಿಲ್ಲ. ಕೊನೆಗೆ ಅವನೇ ಸರಿದ.