ಹಾಳೆಯ ಹಿಂಬದಿ

"ವ್ಯಾನು ಬರಕ್ಕೆ ಇನ್ನೂ ಹನ್ನೊಂದು ನಿಮಿಷ ಐತೆ. ತಡ್ಕೊಳಕ್ಕಾಗ್ದಿದ್ರೆ ಬೂಟಲ್ಲೇ ಉಯ್ಕೊ, ಮುದಿಗೊಡ್ಡು. ನಿನ್ನ ಉಚ್ಚೆಗೋಸ್ಕರ ಚೈನು ನಿಲ್ಸಕ್ಕೆ ಇವೇನು ನಿಮ್ಮಪ್ಪನ ಮನೆ ಕೋಳಿಗಳಾ?"

ಕೋಳಿ ಕಾರ್ಖಾನೆಯ ಮೇಸ್ತ್ರಿ ಡೊಯ್ಲ್ ಕೂಮರ್ ಇಷ್ಟನ್ನೂ ಒನೀಡಾಳ ಕಿವಿಯ ಬಳಿ ಬಾಯಿಟ್ಟು ಕೂಗಿದ. ಯಂತ್ರಗಳ ಸದ್ದಿನಲ್ಲಿ ಹಾಗೆ ಕೂಗದಿದ್ದರೆ ಕೇಳಿಸುತ್ತಿರಲಿಲ್ಲ ಎಂಬುದು ನಿಜ; ಆದರೆ ಪಕ್ಕದ ಹದಿಮೂರು ಹೆಂಗಸರಿಗೂ ಕೇಳಿಸಲೆಂದೇ ಅವನು ಕೂಗಿದ ಎಂಬುದೂ ಅಷ್ಟೇ ನಿಜ. ಅರವತ್ತೊಂದು ವರ್ಷದ ಒನೀಡಾ ತೊಡೆಗಳನ್ನು ಬಿಗಿಹಿಡಿದು, ಕೊಕ್ಕೆಯಲ್ಲಿ ತೂಗುತ್ತಾ ಬಂದ ಕೋಳಿಯ ಭುಜದ ಕೀಲಿಗೆ ಚಾಕು ಹಾಕಿದಳು. ಮೂರು ಕೊಯ್ತ, ಒಂದು ಎಳೆತ, ಮಾಂಸ ಬಲಕ್ಕೆ, ಮೂಳೆ ಎಡಕ್ಕೆ. ಅಷ್ಟರಲ್ಲಿ ಮುಂದಿನದು ಎದುರಿಗೆ ನಿಂತಿರುತ್ತಿತ್ತು.

"ಅವಳ ಕೊಕ್ಕೇನೂ ನಾನೇ ನೋಡ್ಕೋತೀನಿ, ಕಳ್ಸು," ಎಂದಳು ಅವಳ ಎಡಕ್ಕೆ ನಿಂತಿದ್ದ ರೀವಾ.

"ನಿಂದೇ ನಿಂಗೆ ನೆಟ್ಟಗಾಗಲ್ಲ. ಇವತ್ತು ಧಣಿಗಳು ದೊಡ್ಡ ಮನಸ್ಸು ಮಾಡಿ ಓಟಿಗೆ ನಲವತ್ತು ನಿಮಿಷ ಬುಟ್ಟವ್ರೆ. ಚರ್ಚಲ್ಲಿ ಕಕ್ಕಸೈತೆ. ಮೊದ್ಲು ಅಲ್ಲಿ ಹೋಗ್ಲಿ, ಆಮೇಲೆ ದೇಶ ಉದ್ಧಾರ ಮಾಡ್ಲಿ." ಅವನು ತನ್ನ ಮಾತಿಗೆ ತಾನೇ ನಕ್ಕು ಮುಂದಕ್ಕೆ ಹೋದ.

ಆ ನಲವತ್ತು ನಿಮಿಷಕ್ಕೆ ಕೂಲಿ ಇರಲಿಲ್ಲ. ಅದನ್ನು ಹೇಳುವ ಗೋಜಿಗೂ ಅವನು ಹೋಗಲಿಲ್ಲ.

ರೀವಾ ಸ್ಟಿನೆಟ್ ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ ವ್ಯಾನಿನಲ್ಲಿ ಹೋಗಿ ಓಟು ಹಾಕಿದವಳು. ಅವಳ ಗಂಡನ ಮನೆ ಆನೆ ಗುರುತಿನ ಪಕ್ಷ. ಅವಳು ಬಾಡಿಗೆಗಿದ್ದ ಟ್ರೇಲರ್ ಮನೆಗಳ ಸಾಲಿನ ಒಡೆಯ ಆನೆ ಪಕ್ಷ. ಅಂಗಳದಲ್ಲಿ ಆನೆಯ ಫಲಕ ನೆಡಲು ಅವನೆಂದೂ ಅವಳನ್ನು ಕೇಳಿದವನಲ್ಲ. ಚರ್ಚಂತೂ ಆನೆಯ ಬೆನ್ನ ಮೇಲೇ ಕೂತಿತ್ತು. ಓಟಿನ ಹಾಳೆಯ ಮೇಲ್ತುದಿಯಲ್ಲಿ ಪಕ್ಷದ ಹೆಸರಿನ ಮುಂದೊಂದು ಸೊನ್ನೆ ಇರುತ್ತದೆ. ಅದೊಂದನ್ನು ಕಪ್ಪಾಗಿಸಿದರೆ ಶೆರೀಫನಿಂದ ಹಿಡಿದು ವಾಷಿಂಗ್ಟನ್ನಿನವರೆಗೆ ಆ ಪಕ್ಷದವರಿಗೆಲ್ಲ ಓಟು ಬಿದ್ದಂತೆ. ಒಂದು ಸೊನ್ನೆ, ಅರ್ಧ ನಿಮಿಷ, ಮತ್ತೆ ಕೋಳಿ. ಓದಲು ಕನ್ನಡಕ ಕೂಡ ಬೇಡ.

ಈ ನವೆಂಬರಿನಲ್ಲಿ ಮಾತ್ರ ಅವಳು ಮಾವನ ಹಳೆಯ ಕನ್ನಡಕವನ್ನು ಏಪ್ರನ್ನಿನ ಒಳಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದಳು.

ಕಾರಣ, ಮಗಳು ಟ್ವೈಲಾ. ಏಪ್ರಿಲ್ ತಿಂಗಳಲ್ಲಿ, ಬಸಿರಿನ ನಾಲ್ಕೂವರೆ ತಿಂಗಳಿಗೆ, ಟ್ವೈಲಾಳ ನೀರಚೀಲ ಒಡೆದುಹೋಯಿತು. ಆಸೆಪಟ್ಟು ಹೊತ್ತ ಮಗು. ಅಳಿಯ ತೊಟ್ಟಿಲಿಗೆ ಹಳದಿ ಬಣ್ಣ ಬಳಿದು ಒಣಗಲು ಇಟ್ಟಿದ್ದ. ಆಸ್ಪತ್ರೆಯ ಎಳೆಯ ವೈದ್ಯ ಪರದೆಯತ್ತ ನೋಡಿದನೇ ಹೊರತು ಟ್ವೈಲಾಳತ್ತ ನೋಡಲಿಲ್ಲ.

"ಮಗು ಉಳಿಯೋದಿಲ್ಲ. ಆದರೆ ಎದೆಬಡಿತ ಇದೆ. ಇರೋವರೆಗೂ ನಾವು ಗರ್ಭ ತೆಗೆಯೋ ಹಾಗಿಲ್ಲ, ಕಾನೂನು. ಮನೆಗೆ ಕರ್ಕೊಂಡು ಹೋಗಿ. ಜ್ವರ ಏರಿದರೆ ಬನ್ನಿ."

"ಅವಳು ಸಾಯಂಗಾದ್ಮೇಲೆ ಬರ್ಬೇಕಾ ಸ್ವಾಮಿ?"

"ಅದಕ್ಕಿಂತ ಸ್ವಲ್ಪ ಮುಂಚೆ."

ಸ್ವಲ್ಪ ಮುಂಚೆ ಎಂದರೆ ಎಷ್ಟು ಎಂದು ಯಾರೂ ಹೇಳಲಿಲ್ಲ. ಮನೆ ನಲವತ್ತು ಮೈಲಿ ದೂರ. ಆದ್ದರಿಂದ ಅವರು ಆಸ್ಪತ್ರೆಯ ಗಾಡಿ ನಿಲ್ಲಿಸುವ ಜಾಗದಲ್ಲೇ, ಅಳಿಯನ ಪಿಕಪ್ಪಿನೊಳಗೆ, ಎರಡು ದಿನ ಕೂತರು. ಬಿಸ್ಕತ್ತು, ಸೋಡಾ, ತೊಡೆಯ ಕೆಳಗೆ ಹಳೆಯ ಟವೆಲು. ರೀವಾ ಗಂಟೆಗೊಮ್ಮೆ ಮಗಳ ಹಣೆ ಮುಟ್ಟುತ್ತಾ ಜ್ವರ ಬರಲೆಂದು ಹರಕೆ ಹೊತ್ತಳು. ಹೆತ್ತ ಹೊಟ್ಟೆ ಇಂಥದ್ದೊಂದು ಹರಕೆ ಹೊತ್ತದ್ದನ್ನು ಅವಳು ಇಂದಿಗೂ ಯಾರಿಗೂ ಹೇಳಿಲ್ಲ. ಜ್ವರ ಬಂತು. ನೂರಾನಾಲ್ಕಕ್ಕೆ ಬಂತು. ಹುಡುಗಿ ಬದುಕಿದ್ದು ಕೂದಲೆಳೆಯಲ್ಲಿ.

ಈಗ ಟ್ವೈಲಾಗೆ ಮತ್ತೆ ಮೂರು ತಿಂಗಳು. ಅದೇ ವೈದ್ಯ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದ: ಹೋದ ಸಲ ಆದದ್ದು ಈ ಸಲವೂ ಆಗಬಹುದು, ಆ ಕಾನೂನಿನ ಮೇಲೆ ಕೋರ್ಟಿನಲ್ಲಿ ದಾವೆ ನಡೆದಿದೆ, ಕಾನೂನೇನಾದರೂ ಬಿದ್ದುಹೋದರೆ ನಾನು ಹೊತ್ತಿಗೆ ಸರಿಯಾಗಿ ಕೈ ಹಾಕಬಹುದು, ಆದರೆ ಈ ಚುನಾವಣೆಯಲ್ಲಿ ಗರ್ಭಪಾತದ ಹಕ್ಕೇ ಇಲ್ಲವೆಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೇ ಎಂಬ ಒಂದು ಪ್ರಶ್ನೆ ಇದೆ, ಅದಕ್ಕೆ ಜನ 'ಹೌದು' ಅಂದರೆ ದಾವೆಯೂ ಸತ್ತಂತೆ, 'ಇಲ್ಲ' ಅಂದರೆ ಬಾಗಿಲು ಸಂದಿನಷ್ಟಾದರೂ ತೆರೆದಿರುತ್ತದೆ.

"ಅವ್ವ, ನೀನು ಚರ್ಚ್‌ನೋರ ವ್ಯಾನಲ್ಲಿ ಹೋಗಿ ಅವರ ನೆಲಮಾಳಿಗೇಲಿ ಕೂತ್ಕೊಂಡು ಇಲ್ಲ ಅಂತೀಯಾ?" ಎಂದು ಟ್ವೈಲಾ ಬೆಳಿಗ್ಗೆ ಕೇಳಿದ್ದಳು.

"ಸೊನ್ನೆ ತುಂಬಕ್ಕೆ ಯಾವನ ಅಪ್ಪಣೆ ಬೇಕೇ?" ಎಂದಿದ್ದಳು ರೀವಾ.

ಇನ್ನೊಂದು ಪಕ್ಷದವರು, ಕತ್ತೆ ಗುರುತಿನವರು, ಈ ಕಡೆ ಬಂದೇ ಇಲ್ಲವೆಂದಲ್ಲ. ಆಗಸ್ಟಿನಲ್ಲಿ ಪಟ್ಟಣದ ಹುಡುಗಿಯೊಬ್ಬಳು ಕೈಯಲ್ಲಿ ಪಟ್ಟಿ ಹಿಡಿದು ಟ್ರೇಲರುಗಳ ಸಾಲಿಗೆ ಬಂದಿದ್ದಳು. ರೀವಾ ಬಾಗಿಲು ತೆರೆಯುವಷ್ಟರಲ್ಲಿ ಅಂಗಳದ ಆನೆ ಫಲಕ ಅವಳ ಕಣ್ಣಿಗೆ ಬಿದ್ದಿತ್ತು.

"ಓ, ಸಾರಿ, ತೊಂದರೆ ಕೊಟ್ಟೆ," ಎಂದು ನಕ್ಕು, ಪಟ್ಟಿಯಲ್ಲೊಂದು ಗೀಟು ಎಳೆದು ಹೊರಟೇ ಹೋದಳು. ಹಾಗೆಯೇ ಸಾಲಿನ ಹತ್ತೊಂಬತ್ತು ಮನೆಗೂ ಗೀಟೆಳೆದಳು. ಅಲ್ಲಿಯ ಹೆಂಗಸರ ಬಸಿರು, ಬಾಣಂತನ, ಗರ್ಭಪಾತಗಳೆಲ್ಲ ಆ ಒಂದು ಗೀಟಿನ ಅಡಿಗೆ ಸೇರಿಹೋದವು.

ವ್ಯಾನು ಬಂತು. ಕೂಮರನೇ ಚಾಲಕ. ಮುಂದಿನ ಸೀಟಿನಲ್ಲಿ ಬ್ರದರ್ ಹಾರ್ಲನ್ ಕೂತಿದ್ದರು. ಚರ್ಚಿನ ಗುರು, ಕೋಳಿ ಧಣಿಗಳಿಗೆ ಷಡ್ಡಕ. ರಕ್ತ, ಕ್ಲೋರಿನ್ನು ನಾರುವ ಹದಿನಾಲ್ಕು ಹೆಂಗಸರು ಹತ್ತಿದೊಡನೆ ಅವರು ಕಿಟಕಿಯ ಗಾಜು ಇಳಿಸಿ, ಹಿಂದಿರುಗಿ ಪ್ರೀತಿಯ ನಗೆ ನಕ್ಕರು.

"ತಂಗ್ಯರಾ, ತಲೆ ಕೆಡಿಸ್ಕೋಬೇಡಿ. ಆ ಪ್ರಶ್ನೆ ಹಂಗೈತೆ, ಈ ಪ್ರಶ್ನೆ ಹಿಂಗೈತೆ ಅಂತ ಟೀವೀಲಿ ಬಡ್ಕೋತಾವ್ರೆ. ನಿಮಗ್ಯಾಕೆ ಅದೆಲ್ಲ? ಮೂವತ್ತು ವರ್ಷದಿಂದ ಏನು ಹೇಳ್ಕೊಂಡು ಬಂದಿದೀನಿ?"

"ಮೇಲಿನ ಸೊನ್ನೆ," ಎಂದರು ಹಿಂದಿನ ಸೀಟಿನವರು, ಸ್ಕೂಲು ಮಕ್ಕಳಂತೆ.

"ಅಷ್ಟೇಯ. ಅದ್ರೊಳ್ಗೆ ಎಲ್ಲಾ ಬಂದ್ಬುಡ್ತದೆ. ಹೊಟ್ಟೇಲಿರೋ ಕೂಸೂ ಬಂತು, ದೇವರೂ ಬಂದ."

"ಕೂಲಿ ಬರ್ತದಾ ಬ್ರದರ್?" ಎಂದಳು ಒನೀಡಾ. ಅವಳ ಮುಖ ನೋವಿನಿಂದ ಬೂದಿ ಬಣ್ಣಕ್ಕೆ ತಿರುಗಿತ್ತು. ಯಾರೋ ಕಿಸಕ್ಕೆಂದರು. ಬ್ರದರ್ ಹಾರ್ಲನ್ನರಿಗೆ ಕೇಳಿಸಲಿಲ್ಲ. ಕೇಳಿಸಬಾರದ್ದು ಅವರಿಗೆಂದೂ ಕೇಳಿಸಿದ್ದಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ರಟ್ಟಿನ ಮರೆಗಳನ್ನು ನಿಲ್ಲಿಸಿದ್ದರು. ಓಟಿನ ಜಾಗದಲ್ಲಿ ಗುರುಗಳಿಗೇನು ಕೆಲಸ ಎಂದು ಕೇಳಬೇಕಾದ ಅಧಿಕಾರಿ ಮಿಸೆಸ್ ಪುರ್ಡಿ ಭಾನುವಾರಗಳಲ್ಲಿ ಅವರದೇ ಭಜನಾ ಮೇಳದಲ್ಲಿ ಹಾಡುತ್ತಿದ್ದಳು. ಆದ್ದರಿಂದ ಬ್ರದರ್ ಹಾರ್ಲನ್ ಮೆಟ್ಟಿಲ ಬುಡದಲ್ಲಿ ಕಾಫಿ ಹಂಡೆಯ ಪಕ್ಕ, ಮದುವೆ ಮನೆಯ ಯಜಮಾನನ ಹಾಗೆ ನಿಂತರು. ಒನೀಡಾ ಮೊದಲು ಕಕ್ಕಸಿಗೆ ಓಡಿದಳು.

ರೀವಾ ಹಾಳೆ ಪಡೆದು ಕೂತಳು. ಅವಳು ಕನ್ನಡಕ ಹಾಕಿಕೊಳ್ಳುವ ಮೊದಲೇ ಕೈ ತಾನಾಗಿ ಮೇಲಿನ ಸೊನ್ನೆಯನ್ನು ತುಂಬಿ ಮುಗಿಸಿತ್ತು. ಮೂರು ಕೊಯ್ತ, ಒಂದು ಎಳೆತದಂತೆ ಅದೂ ಕೈಗೆ ಅಂಟಿದ ಕೆಲಸ. ಆಮೇಲೆ ಅವಳು ಪ್ರಶ್ನೆಯನ್ನು ಹುಡುಕಿದಳು. ಸೆನೆಟ್ಟು, ಶೆರೀಫು, ಜೈಲರು, ಶಾಲಾ ಮಂಡಳಿ. ಪ್ರಶ್ನೆ ಇರಲಿಲ್ಲ. ಬೆರಳಿಟ್ಟು ಎರಡನೆಯ ಸಲ ಹುಡುಕಿದಳು. ಕದ್ದುಬಿಟ್ಟರೇ, ಅಷ್ಟು ಧೈರ್ಯವೇ, ಎಂದುಕೊಂಡಳು. ಕಡೆಗೆ ಹಾಳೆಯನ್ನು ಮಗುಚಿದಳು.

ಹಿಂಬದಿಯಲ್ಲಿ ಪ್ರಶ್ನೆಯೊಂದೇ ಒಂಟಿಯಾಗಿ ಬಿದ್ದುಕೊಂಡಿತ್ತು. ಕೆಳಗೆ ಎರಡು ಸೊನ್ನೆ: ಹೌದು, ಇಲ್ಲ. ಎರಡೂ ಖಾಲಿ. ಮುಂದುಗಡೆಯ ಸೊನ್ನೆಯ ಮಸಿ ಹಿಂದಕ್ಕೆ ಇಳಿದಿರಲಿಲ್ಲ.

ರೀವಾ 'ಇಲ್ಲ'ವನ್ನು ತುಂಬಿದಳು. ಹಾಳೆ ಹರಿಯುವಷ್ಟು ಒತ್ತಿ ತುಂಬಿದಳು. ಮುಂದಿನ ಆನೆ ಹಾಗೆಯೇ ಇರಲಿ ಎಂದು ಬಿಟ್ಟಳು. ಅದರ ಬಗ್ಗೆ ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಏಕೆಂದರೆ ಪಕ್ಕದಲ್ಲಿ, ಆಗಷ್ಟೇ ಬಂದು ಕೂತ ಒನೀಡಾ, ಮೇಲಿನ ಸೊನ್ನೆ ತುಂಬಿ ಹಾಳೆ ಎತ್ತಿಕೊಂಡು ಓಟು ಎಣಿಸುವ ಯಂತ್ರಕ್ಕೆ ತೂರಿಸಲು ಏಳುತ್ತಿದ್ದಳು. ಅವಳು ಹಾಳೆಯನ್ನು ಮಗುಚಿರಲಿಲ್ಲ. ಆಚೆ ಕೂತ ಇಬ್ಬರೂ ಮಗುಚಿರಲಿಲ್ಲ. ಯಾರೂ ಮಗುಚಿರಲಿಲ್ಲ.

ಗುರುವಿಗೂ ಗೊತ್ತಿಲ್ಲ! ಒಂದೇ ಸೊನ್ನೆಯಲ್ಲಿ ದೇವರೂ ಬಂದ ಎಂದು ನಂಬಿ ಹಂಡೆಯ ಪಕ್ಕ ನಿಂತಿದ್ದಾನೆ, ಪೆದ್ದ. ಸುಮ್ಮನಿದ್ದರೆ ಸಾಕು, ಅವನ ಹದಿಮೂರು 'ಹೌದು'ಗಳು ಖಾಲಿಯಾಗಿಯೇ ಯಂತ್ರದೊಳಕ್ಕೆ ಹೋಗುತ್ತವೆ.

ಅವು ಹೌದುಗಳೇ?

ರೀವಾ ಮರೆಗಳ ಸಾಲನ್ನು ನೋಡಿದಳು. ಪ್ರತಿ ಭಾನುವಾರ ಈ ಹೆಂಗಸರೆಲ್ಲ ಕೈಯೆತ್ತಿ ಹೌದು ಎಂದವರೇ. ಆದರೆ ಒನೀಡಾಳ ಅಕ್ಕ ಹದಿನೇಳಕ್ಕೆ, ಕದ್ದು ಬಸಿರು ತೆಗೆಸಿಕೊಳ್ಳಲು ಹೋಗಿ, ಯಾರದೋ ಅಡುಗೆಮನೆಯ ಮೇಜಿನ ಮೇಲೆ ರಕ್ತ ಸೋರಿ ಸತ್ತಿದ್ದಳು. ಅದರಾಚೆಯವಳು ಹೋದ ವರ್ಷ ಮಗಳನ್ನು "ಚಿಕ್ಕಮ್ಮನ ಮದುವೆ"ಗೆಂದು ಗಡಿ ದಾಟಿಸಿ, ಗರ್ಭಪಾತಕ್ಕೆ ಅಡ್ಡಿಯಿಲ್ಲದ ಇಲಿನಾಯ್‌ಗೆ ಕರೆದೊಯ್ದಿದ್ದಳು. ಚಿಕ್ಕಮ್ಮನೇ ಇಲ್ಲದ ಮನೆಯದು. ಕೋಳಿ ಕೊಯ್ಯುತ್ತಾ ಅಕ್ಕಪಕ್ಕ ನಿಂತವರಿಗೆ ಚರ್ಚಿಗೆ ಗೊತ್ತಿಲ್ಲದ್ದೆಲ್ಲ ಗೊತ್ತಿರುತ್ತದೆ. ತುದಿಯಲ್ಲಿ ಕೂತಿದ್ದ ಕೊರೀನ್ ಒಬ್ಬಳ ಬಗ್ಗೆ ಮಾತ್ರ ರೀವಾಗೆ ಏನೂ ಗೊತ್ತಿರಲಿಲ್ಲ. ಚರ್ಚಿನ ಹಿರಿಯನ ಹೆಂಡತಿ. ಏಳು ಹೆತ್ತವಳು, ತುಟಿ ಬಿಚ್ಚದವಳು.

ಬಾಯಿ ಬಿಟ್ಟರೆ ಹದಿಮೂರೂ ತನ್ನ ಮಗಳ ಕುತ್ತಿಗೆಗೇ ಬರಬಹುದು. ಬಿಡದಿದ್ದರೆ ತನ್ನದೊಂದು ಒಂಟಿ 'ಇಲ್ಲ'. ಒನೀಡಾ ಯಂತ್ರದ ಮುಂದೆ ನಿಂತಾಗಿತ್ತು.

"ಏಯ್ ಒನೀಡಾ! ಹಾಳೆ ಹಿಂದಕ್ಕೂ ಐತೆ ಕಣೇ! ಎಲ್ಲಾರೂ ಮಗುಚ್ರೇ, ಆ ಪ್ರಶ್ನೆ ಹಿಂದುಗಡೆ ಐತೆ. ಮೇಲಿನ ಸೊನ್ನೆ ತುಂಬಿದ್ರೆ ಅದಕ್ಕೆ ಓಟು ಬೀಳಲ್ಲ!"

ಮಿಸೆಸ್ ಪುರ್ಡಿ ಕುರ್ಚಿಯಿಂದ ಎಗರಿದಳು. "ಇಲ್ಲಿ ಮಾತಾಡೋ ಹಾಗಿಲ್ಲ! ಹೊರಗೆ ಹಾಕಿಸ್ತೀನಿ!"

"ಯಾರಿಗೆ ಹಾಕಿ ಅಂತ ಅಂದ್ನೇನವ್ವ? ಹಾಳೆಗೆ ಎರಡು ಮಗ್ಗುಲು ಅಂದೆ. ಅದೂ ತಪ್ಪಾ? ನಿಮ್ಮ ಕೆಲಸ ನಾನು ಮಾಡ್ದೆ."

"ನೀನು ದೊಡ್ಡ..."

"ತಡೀರಿ, ತಡೀರಿ, ಪುರ್ಡಿ ತಂಗಿ." ಬ್ರದರ್ ಹಾರ್ಲನ್ ಹಂಡೆ ಬಿಟ್ಟು ಮುಂದಕ್ಕೆ ಬಂದರು. ಖಾಲಿ ಹಾಳೆಯೊಂದನ್ನು ಎತ್ತಿ ಮಗುಚಿ ನೋಡಿದರು. ಮುಖದ ರಕ್ತವೆಲ್ಲ ಇಳಿದು, ಮತ್ತೆ ಏರಿತು. ಬೆಳಿಗ್ಗೆಯಿಂದ ಈ ನೆಲಮಾಳಿಗೆಯಲ್ಲಿ ಇನ್ನೂರು ಜನ ಅವರ ಮಾತು ಕೇಳಿ ಒಂದೇ ಸೊನ್ನೆ ತುಂಬಿ ಹೋಗಿದ್ದರು. "ದೇವರೇ ಇವಳ ಬಾಯಲ್ಲಿ ನುಡಿಸ್ದ! ಮಗುಚ್ರವ್ವ, ಮಗುಚಿ. ಏನು ತುಂಬ್ಬೇಕು ಅಂತ ನನ್ನ ಮಕ್ಕಳಿಗೆ ನಾನು ಹೇಳ್ಕೊಡ್ಬೇಕಾ?" ಎಂದು ರೀವಾಳ ಭುಜ ತಟ್ಟಿದರು. ತಟ್ಟಿದ ಅಂಗೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

ಒನೀಡಾ ಯಂತ್ರದಿಂದ ಹಿಂದಿರುಗಿ ಬಂದು ಕೂತಳು. ಹದಿಮೂರು ದಪ್ಪ ಹಾಳೆಗಳು ಒಂದರ ಹಿಂದೊಂದು ಸರಕ್ಕನೆ ಮಗುಚಿಕೊಂಡವು.

ಯಾರೂ ಯಾರನ್ನೂ ನೋಡಲಿಲ್ಲ. ಪ್ರಶ್ನೆ ಉದ್ದವಿತ್ತು, ವಕೀಲರ ಭಾಷೆಯಲ್ಲಿತ್ತು. ಬೆರಳುಗಳು ಒಂದೊಂದೇ ಮಾತಿನ ಕೆಳಗೆ ತೆವಳಿದವು. ಅವರು ಅಷ್ಟು ಹೊತ್ತು ಒಂದು ಹಾಳೆಯ ಮುಂದೆ ಕೂತದ್ದು ಅದೇ ಮೊದಲು. ಬ್ರದರ್ ಹಾರ್ಲನ್ ಬೆನ್ನುಗಳ ಸಾಲಿನ ಹಿಂದೆ ಮೆಲ್ಲನೆ ನಡೆಯುತ್ತಾ ನಗುತ್ತಿದ್ದರು. ಅವರು ಹತ್ತಿರ ಬಂದಂತೆ ಒಂದೊಂದು ಮೊಣಕೈಯೂ ಹಾಳೆಯ ಸುತ್ತ ಬಾಗಿ ಮುಚ್ಚಿಕೊಳ್ಳುತ್ತಿತ್ತು. ಕೊರೀನಳ ಬಳಿಗೆ ಅವರು ಬಂದಾಗ ಅವಳ ಪೆನ್ನು ಗಾಳಿಯಲ್ಲಿ ನಿಂತಿತ್ತು. ಅವಳು ತಲೆಯೆತ್ತಿ ಗುರುವಿನ ಮುಖವನ್ನೊಮ್ಮೆ ನೋಡಿದಳು. ನಂತರ ಕುರ್ಚಿ ಸಮೇತ ತಿರುಗಿ, ಅಗಲವಾದ ತನ್ನ ಬೆನ್ನನ್ನು ಅವರಿಗೂ ಹಾಳೆಗೂ ನಡುವೆ ಇಟ್ಟಳು.

ಹೊರಗೆ ಕೂಮರ್ ಹಾರ್ನ್ ಒತ್ತಿದ. ಎರಡನೆಯ ಸಲ ಒತ್ತಿದ. ಮೂರನೆಯ ಸಲ ಒತ್ತಿ ಹಿಡಿದವನು ಬಿಡಲೇ ಇಲ್ಲ.

ಯಾರೂ ಏಳಲಿಲ್ಲ.