ನೂರ ನಲವತ್ಮೂರನೇ ಪುಟ

ನನ್ನನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನಿಂದ ಹೇಳಿಕಳಿಸಿದ್ದರು. ಯಾವ ಪುಟಕ್ಕಾಗಿ ಎಂದು ಹೇಳುವುದನ್ನು ಮಾತ್ರ ಮರೆತಿದ್ದರು.

ವಿಶ್ವವಿದ್ಯಾಲಯದ ನಿಯಮ ಹೀಗಿದೆ: ಆರು ವರ್ಷದ ಪ್ರೊಬೇಷನ್ ಮುಗಿದಾಗ ಉಪನ್ಯಾಸಕರ ಪುಸ್ತಕ ಸಮಿತಿಯ ಮುಂದೆ ಹೋಗುತ್ತದೆ. ಆಕ್ಷೇಪಣೆ ಇದ್ದವರು ಪುಟದ ಸಂಖ್ಯೆ ಸಮೇತ ಬರೆದು ಸಹಿ ಹಾಕಬೇಕು. ಒಂದು ಸಹಿ ಬಿದ್ದರೂ ಮನೆಗೆ, ಬೀಳದಿದ್ದರೆ ಖಾಯಂ. ನನ್ನ ಸಮಿತಿ ಗುರುವಾರ ಸೇರಲಿತ್ತು. ನನಗೆ ಮೂವತ್ತೊಂಬತ್ತು ವರ್ಷ. ಇಲ್ಲಿಂದ ಹೊರದೂಡಿದ ಇತಿಹಾಸದವಳನ್ನು ಬೇರೆ ಯಾರೂ ಒಳಗೆ ಸೇರಿಸುವುದಿಲ್ಲ.

ಪುಸ್ತಕ ದೊಡ್ಡವರ ಉಪವಾಸದ ಬಗ್ಗೆ. ವಿಶ್ವವಿದ್ಯಾಲಯಕ್ಕೆ ದೊಡ್ಡವರದೇ ಹೆಸರು, ಗೇಟಿನ ಬಳಿ ಅವರದೇ ಪ್ರತಿಮೆ, ಪಕ್ಕೆಲುಬು ಎಣಿಸುವಂತೆ ಎರಕ ಹೊಯ್ದದ್ದು. ಜೈಲಿನಲ್ಲಿ ಅವರು ಹನ್ನೊಂದು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ ಎಂಬುದು ಎರಡನೇ ತರಗತಿಯ ಮಗುವಿಗೂ ಗೊತ್ತು. ಆ ಜೈಲಿನ ಡಾಕ್ಟರು ದಿನಾ ಬೆಳಿಗ್ಗೆ ಕೈದಿಗಳನ್ನು ತೂಕಕ್ಕೆ ನಿಲ್ಲಿಸಿ ಬರೆದಿಟ್ಟ ಹಾಳೆಗಳು ನನಗೆ ಸಿಕ್ಕಿದ್ದವು. ಅವುಗಳ ಪ್ರಕಾರ ಹನ್ನೊಂದು ದಿನದ ಉಪವಾಸದಲ್ಲಿ ದೊಡ್ಡವರು ಒಂದೂವರೆ ಕಿಲೋ ಹೆಚ್ಚಾಗಿದ್ದರು.

ಪುಸ್ತಕ ಓದದ ಒಬ್ಬರು ಪತ್ರಿಕೆಯಲ್ಲಿ 'ದೊಡ್ಡವರಿಗೆ ಅವಮಾನ' ಎಂದು ಬರೆದರು. ಪತ್ರಿಕೆ ಓದದ ಮಂತ್ರಿಗಳು ಕುಲಪತಿಗಳಿಗೆ ಫೋನ್ ಮಾಡಿದರು. ಈಗ ಅವಮಾನ ಎಲ್ಲಿದೆ ಎಂದು ಹುಡುಕುವ ಕೆಲಸ ಸಮಿತಿಗೆ ಬಂತು. ಪುಸ್ತಕ ನಾನೂರ ಹನ್ನೆರಡು ಪುಟ. ಕೊನೆಯಲ್ಲಿ ಪದಸೂಚಿ ಹಾಕಲು ನನಗೆ ಸೋಮಾರಿತನ. ಜೀವನದಲ್ಲಿ ನನ್ನ ಸೋಮಾರಿತನ ಉಪಕಾರಕ್ಕೆ ಬಂದದ್ದು ಅದೊಂದೇ ಸಲ.

ಸೋಮವಾರ ನೀರಿನ ಫಿಲ್ಟರಿನ ಬಳಿ ವಾಣಿಜ್ಯ ವಿಭಾಗದ ಹಿರಿಯರು ನನ್ನನ್ನು ಹಿಡಿದರು. ಅವರು ಸಮಿತಿಯ ಸದಸ್ಯರು. ಯಾರು ಏನೇ ಹೇಳಿದರೂ ಹೂಂಗುಟ್ಟುವುದರಿಂದ ಹುಡುಗರು ಅವರಿಗೆ 'ಹೂಂ ಸರ್' ಎಂದು ಹೆಸರಿಟ್ಟಿದ್ದರು.

"ನಿಮ್ಮ ಪುಸ್ತಕ ಬಹಳ ಚೆನ್ನಾಗಿದೆ ಮೇಡಂ."

"ಓದಿದ್ರಾ ಸರ್?"

"ಹೂಂ, ಕೈಯಲ್ಲಿ ಹಿಡ್ಕೊಂಡು ನೋಡ್ದೆ. ಬೈಂಡಿಂಗ್ ಗಟ್ಟಿಯಾಗಿದೆ." ಲೋಟ ತುಂಬಿ ಚೆಲ್ಲುತ್ತಿದ್ದರೂ ಅವರು ನಲ್ಲಿ ನಿಲ್ಲಿಸಲಿಲ್ಲ. "ಆ ಅವಮಾನ ಇದೆಯಲ್ಲ, ಅದು ಸುಮಾರು ಎಷ್ಟನೇ ಪುಟದಲ್ಲಿ ಬರುತ್ತೆ?"

"ಓದ್ತಾ ಹೋದ್ರೆ ಸಿಗುತ್ತೆ ಸರ್."

"ನಾನೂರು ಪುಟ, ಮೇಡಂ. ಈ ವಾರ ಪರೀಕ್ಷೆ ಪೇಪರ್ ಬೇರೆ ಕೂತಿವೆ. ಸ್ವಲ್ಪ ಸಹಕಾರ ಕೊಡಿ."

ಮಂಗಳವಾರ ಡೀನ್ ಕರೆಸಿದರು. ಅವರು ಭೂಗರ್ಭಶಾಸ್ತ್ರದವರು. ಮೇಜಿನ ತುಂಬ ಕಲ್ಲುಗಳಿದ್ದವು. ನನ್ನ ಪುಸ್ತಕವನ್ನು ಒಂದು ದೊಡ್ಡ ಕಲ್ಲಿನ ಕೆಳಗೆ ಇಟ್ಟಿದ್ದರು, ಎದ್ದು ಓಡಿಹೋಗುತ್ತದೆಯೋ ಎಂಬಂತೆ.

"ನನಗೆ ರಾಜಕೀಯ ಗೊತ್ತಿಲ್ಲಮ್ಮ. ಬರೋ ವರ್ಷ ರಿಟೈರ್ ಆಗ್ತೀನಿ. ಮೇಲಿನವರು ಹೇಳಿದ್ದಾರೆ, ಮಾಡಬೇಕು. ನಂಬರ್ ಒಂದು ಹೇಳಿಬಿಟ್ರೆ ಇಬ್ಬರಿಗೂ ಸುಲಭ."

"ನನಗೇನು ಸುಲಭ ಸರ್?"

ಅವರು ಸ್ವಲ್ಪ ಯೋಚಿಸಿದರು. "ಅದೂ ನಿಜವೇ," ಎಂದರು.

ಬುಧವಾರ ಸಂಜೆಯವರೆಗೂ ನಾನು ಬಾಯಿ ಬಿಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ. ಅತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೊಡ್ಡವರ ಫೋಟೋ ಅವರ ಮಂಚದ ಪಕ್ಕದಲ್ಲೇ ಇದೆ. ನನ್ನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಿದವರು ಇಡೀ ಊರಿಗೆ ಅವರೊಬ್ಬರೇ.

ನಾನು ಚಪ್ಪಲಿ ಬಿಡುತ್ತಿದ್ದಾಗ ಹೇಳಿದರು: "ನಿಮ್ಮ ಆಫೀಸಿಂದ ಫೋನ್ ಬಂದಿತ್ತಮ್ಮ. ಪಾಪ, ಯಾರೋ ಪುಟದ ನಂಬರ್ ಹುಡುಕ್ತಾ ಇದ್ರು. ನೂರ ನಲವತ್ಮೂರು ಅಂದೆ."

ನನ್ನ ಗಂಡನದು ಕನ್ನಡಕದ ಅಂಗಡಿ. ಮನೆಯಲ್ಲಿ ಕೂತು ಯಾರದೋ ಫ್ರೇಮಿಗೆ ತಿರುಪು ಹಾಕುತ್ತಿದ್ದವನು ತಿರುಪನ್ನು ನೆಲಕ್ಕೆ ಬೀಳಿಸಿದ. "ಅಮ್ಮ, ಯಾಕಮ್ಮ ಹೇಳಿದೆ?"

"ಕೇಳಿದ್ರು, ಹೇಳಿದೆ. ನಂಬರ್ ಗೊತ್ತಿದ್ದೂ ಇಲ್ಲ ಅಂದಿದ್ದು ನನ್ನ ಸರ್ವೀಸಲ್ಲೇ ಇಲ್ಲ."

"ಇವಳ ಕೆಲಸ ಹೋಗುತ್ತೆ ಕಣಮ್ಮ."

"ಅದು ಹೇಗೆ ಹೋಗುತ್ತೆ? ಹಸಿದವರು ತಿಂದ್ರು, ಅದರಲ್ಲಿ ಅವಮಾನ ಏನ್ ಬಂತು? ನಾನು ಅತ್ತಿದ್ದು ಅದರ ಮುಂದಿನ ಪುಟಕ್ಕೆ. ಅದನ್ನೂ ಓದಿ ಅಂತ ಹೇಳೋದ್ರೊಳಗೆ ಆ ಮನುಷ್ಯ ಲೈನ್ ಕಟ್ ಮಾಡಿದ. ಹೂಂ ಹೂಂ ಅಂತಿದ್ದ, ಕೇಳಿಸ್ಕೊಳ್ತಿದಾನೆ ಅಂದ್ಕೊಂಡೆ."

ಗಂಡ ನೆಲದ ಮೇಲೆ ಮೊಣಕಾಲೂರಿ ತಿರುಪು ಹುಡುಕುತ್ತಾ, "ಅಂಗಡೀಲಿ ಒಂದು ಕುರ್ಚಿ ಖಾಲಿ ಇದೆ," ಎಂದ. ಸಮಾಧಾನಕ್ಕೆ ಹೇಳಿದ್ದು. ನನಗೆ ಅವನ ಬೆನ್ನಿಗೊಂದು ಗುದ್ದಬೇಕೆನಿಸಿತು.

ಗುರುವಾರ ಹನ್ನೊಂದಕ್ಕೆ ಒಳಗೆ ಕರೆದರು. ಉದ್ದನೆಯ ಮೇಜು, ಗೋಡೆಯ ಮೇಲೆ ದೊಡ್ಡವರು, ಅವರ ಕೆಳಗೆ ಕುಲಪತಿಗಳು, ಡೀನ್, ಹೂಂ ಸರ್, ಇನ್ನಿಬ್ಬರು ಸದಸ್ಯರು. ಐದೂ ಪುಸ್ತಕ ಒಂದೇ ಪುಟಕ್ಕೆ ತೆರೆದಿದ್ದವು. ಮೂಲೆಯಲ್ಲಿ ಟೈಪ್‌ರೈಟರಿನ ಮುಂದೆ ಸ್ಟೆನೋ ಕೂತಿದ್ದಳು.

"ಆಕ್ಷೇಪಣೆ ಇದ್ರೆ ಪುಸ್ತಕದ ಆ ಭಾಗ ನಡಾವಳಿಯಲ್ಲಿ ಪೂರ್ತಿ ಬರಬೇಕು ಸರ್," ಎಂದಳು ಸ್ಟೆನೋ. "ಯಾರಾದ್ರೂ ಓದಿ ಹೇಳಿದ್ರೆ ಹೊಡೀತೀನಿ."

ಯಾರೂ ಓದಲಿಲ್ಲ. ನಡಾವಳಿಯ ಒಂದು ಪ್ರತಿ ಮಂತ್ರಿಗಳ ಕಚೇರಿಗೆ ಹೋಗುತ್ತದೆ. ದೊಡ್ಡವರು ಉಪವಾಸದಲ್ಲಿ ದಪ್ಪಗಾದರು ಎಂಬ ಮಾತು ತನ್ನ ಬಾಯಿಂದ ಬಂತೆಂದು ದಾಖಲಾಗುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಒಬ್ಬ ಸದಸ್ಯರು ಕೆಮ್ಮಿದರು. ಸ್ಟೆನೋ ಕೆಮ್ಮನ್ನು ಹೊಡೆಯಲಿಲ್ಲ.

ಕುಲಪತಿಗಳು ಇದನ್ನು ಮೊದಲೇ ಊಹಿಸಿರಬೇಕು. ಫೈಲಿನಿಂದ ಒಂದು ಹಾಳೆ ತೆಗೆದು ನನ್ನತ್ತ ತಳ್ಳಿದರು. ಒಂದೇ ಸಾಲು: 'ಸದರಿ ತೂಕದ ಯಂತ್ರವು ಕೆಟ್ಟಿತ್ತೆಂದು ನಾನು ಈಗ ಅಭಿಪ್ರಾಯಪಡುತ್ತೇನೆ.'

"ಸಹಿ ಹಾಕಿಬಿಡಿ ಮೇಡಂ. ದೊಡ್ಡವರೂ ಸಣ್ಣಗಾಗ್ತಾರೆ, ನೀವೂ ಖಾಯಂ ಆಗ್ತೀರಿ."

ನಾನು ಪೆನ್ನು ತೆಗೆದುಕೊಂಡೆ. ಅವರ ಮುಖಕ್ಕೆ ಹಾಳೆ ಎಸೆದೆ ಎಂದು ಹೇಳಲು ನನಗೂ ಆಸೆಯಿದೆ. ಎಸೆಯಲಿಲ್ಲ. ಅಂಗಡಿಯ ಖಾಲಿ ಕುರ್ಚಿ ಕಣ್ಣಿಗೆ ಬಂತು, ಅದರ ಮೇಲೆ ನಾನು ಕೂತು ಯಾರದೋ ಮೂಗಿನ ಅಳತೆ ತೆಗೆಯುವುದು ಕಂಡಿತು. ಹೆಸರಿನ ಮೊದಲ ಅಕ್ಷರ ಬರೆದೆ.

"ಒಂದು ನಿಮಿಷ," ಎಂದರು ಡೀನ್. ಅವರು ಹಾಳೆ ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿದ್ದರು. "ಬೇರೆ ಕೈದಿಗಳನ್ನೂ ಇದೇ ಮಷಿನ್ ಮೇಲೆ ನಿಲ್ಸಿದ್ರಾ?"

"ಹೌದು ಸರ್. ಮುಂದಿನ ಪುಟ."

ಅವರು ಪುಟ ಮಗುಚಿದರು. ಆ ಶಬ್ದಕ್ಕೆ ಎಲ್ಲರೂ ಅವರತ್ತ ತಿರುಗಿದರು, ಅಲ್ಲಿಯವರೆಗೆ ಯಾರೂ ಆ ಕೆಲಸ ಮಾಡಿರಲಿಲ್ಲ. ಡೀನ್ ಬೆರಳಿಟ್ಟು ಮೆಲ್ಲಗೆ ಓದಿದರು. ಅದೇ ಬ್ಯಾರಕ್ಕಿನ ಮೂವತ್ತೆಂಟು ಜನ, ಅದೇ ಹನ್ನೊಂದು ದಿನ, ಎಲ್ಲರ ತೂಕವೂ ಇಳಿದಿತ್ತು.

"ಇದು ಯಾಕೆ? ಇವರು ಉಪವಾಸ ಮಾಡಿರ್ಲಿಲ್ಲವಲ್ಲ."

"ತಮ್ಮ ಪಾಲಿನ ಊಟದಲ್ಲಿ ತೆಗೆದು ಅವರಿಗೆ ಕೊಟ್ರು ಸರ್. ನೀವು ತಿನ್ನದಿದ್ರೆ ನಾವೂ ಊಟ ಬಿಡ್ತೀವಿ ಅಂತ ಹಟ ಹಿಡಿದು ತಿನ್ನಿಸಿದ್ರು. ಅಡುಗೆ ಮಾಡ್ತಿದ್ದ ಕೈದಿಯೇ ಎಲ್ಲರಿಗಿಂತ ಜಾಸ್ತಿ ಇಳಿದಿದ್ದ."

ಡೀನ್ ಕನ್ನಡಕ ತೆಗೆದರು. "ಮಷಿನ್ನು ಕೆಟ್ಟು ಹೆಚ್ಚಿಗೆ ತೋರ್ಸಿದ್ರೆ ಎಲ್ಲರಿಗೂ ಹೆಚ್ಚಿಗೆ ತೋರಿಸ್ಬೇಕು. ಒಬ್ಬರಿಗೆ ಮಾತ್ರ ಹೇಗೆ ಕೆಡುತ್ತೆ? ಮಷಿನ್ ಸರಿಯಾಗಿದೆ ಸರ್."

"ಇದು ಸೂಕ್ಷ್ಮ ವಿಷಯ, ಡೀನ್ ಸಾಹೇಬ್ರೇ," ಎಂದರು ಕುಲಪತಿಗಳು.

"ಸೂಕ್ಷ್ಮ ಏನಿಲ್ಲ, ಕಿಲೋ ಲೆಕ್ಕದಲ್ಲಿದೆ. ನಲವತ್ತು ವರ್ಷ ಕಲ್ಲು ತೂಗಿದೀನಿ. ಇವರನ್ನ ತೆಗೀಬೇಕಾದ್ರೆ ತೆಗೀರಿ, ತಪ್ಪನ್ನ ಮಷಿನ್ ಮೇಲೆ ಹಾಕ್ಬೇಡಿ."

"ಹಾಗಾದ್ರೆ ಆಕ್ಷೇಪಣೆ ಏನಂತ ಹೊಡೀಲಿ ಸರ್?" ಎಂದಳು ಸ್ಟೆನೋ.

ಕುಲಪತಿಗಳು ಖಾಲಿ ಹಾಳೆಯೊಂದನ್ನು ಮೇಜಿನ ಸುತ್ತ ಬಿಟ್ಟರು. ಆಕ್ಷೇಪಣೆ ಇದ್ದವರು ಬರೆದು ಸಹಿ ಮಾಡಲಿ ಎಂದರು. ಹಾಳೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಿಸಿ ಪಾತ್ರೆಯ ಹಾಗೆ ದಾಟಿತು. ಅದು ಹೂಂ ಸರ್ ಕೈಗೆ ಬಂದಾಗ ಕುಲಪತಿಗಳು ಮೆತ್ತಗೆ, "ನೀವು ಹಿರಿಯರು, ಹಾಕಿಬಿಡಿ," ಎಂದರು.

"ಊಹೂಂ," ಎಂದರು ಅವರು. ತಮ್ಮ ದನಿಗೆ ತಾವೇ ಬೆಚ್ಚಿದರು.

ಹಾಳೆ ಖಾಲಿಯಾಗಿಯೇ ಹಿಂತಿರುಗಿತು. ಕುಲಪತಿಗಳು ಸಾವಿನ ಮನೆಯ ದನಿಯಲ್ಲಿ ನನಗೆ ಅಭಿನಂದನೆ ಹೇಳಿ ಎದ್ದರು. ಉಳಿದವರು ನನ್ನ ಕಡೆ ನೋಡದೆ ಪುಸ್ತಕ ಮುಚ್ಚಿಕೊಂಡು ಹೊರಟರು. ಡೀನ್ ಮಾತ್ರ ಪುಸ್ತಕ ಮುಚ್ಚಲಿಲ್ಲ, ಓದುತ್ತಲೇ ಬಾಗಿಲು ದಾಟಿ ಚೌಕಟ್ಟಿಗೆ ಭುಜ ಹೊಡೆಸಿಕೊಂಡರು.

ಸ್ಟೆನೋ ಮೇಜಿನ ಮೇಲಿದ್ದ, ಯಂತ್ರ ಕೆಟ್ಟಿತ್ತೆನ್ನುವ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಕೆಳಗೆ ನನ್ನ ಒಂದಕ್ಷರವಿತ್ತು.

"ಹರಿದು ಹಾಕ್ಲಾ ಮೇಡಂ? ಯಾರಿಗೂ ಗೊತ್ತಾಗಲ್ಲ."

ಜೈಲಿನ ಡಾಕ್ಟರನ್ನೂ ಆ ತೂಕದ ಹಾಳೆಗಳ ಬಗ್ಗೆ ಯಾರೋ ಹೀಗೇ ಕೇಳಿರಬೇಕು, ಇಷ್ಟೇ ಪ್ರೀತಿಯಿಂದ.

"ಬೇಡ. ಫೈಲಿಗೆ ಹಾಕಿ."

"ಒಂದೇ ಅಕ್ಷರ ಇದೆ. ಯಾರದು ಅಂತ ಹೇಗೆ ಗೊತ್ತಾಗ್ಬೇಕು?"

"ಕೆಳಗೆ ಹೊಡೀರಿ. ನನ್ನ ಪೂರ್ತಿ ಹೆಸರು, ಇವತ್ತಿನ ತಾರೀಕು. ಹನ್ನೊಂದೂ ಐವತ್ತಕ್ಕೆ ಇಷ್ಟು ಬರೆದರು ಅಂತ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಅಂಚು ನೇರ ಮಾಡಿ, ಹೊಡೆಯತೊಡಗಿದಳು.